ಹೊಲ ಯಾರಿಗೆ? ಮೃತ್ಯುಪತ್ರದ ನಾಲ್ಕು ಮಾತು



ಬಿತ್ತನೆಗೆ ಹದ ನೋಡುತ್ತೇವೆ, ಬೀಜಕ್ಕೆ ಲೆಕ್ಕ ಇಡುತ್ತೇವೆ. ಆದರೆ ನಾವು ಕಣ್ಣು ಮುಚ್ಚಿದ ಮೇಲೆ ಆ ಹೊಲ ಯಾರಿಗೆ ಎಂಬುದನ್ನು ಮಾತ್ರ ಬರೆದಿಡುವುದಿಲ್ಲ. “ಗಟ್ಟಿಮುಟ್ಟಾಗಿ ಇದ್ದೀನಿ, ಸಾವಿನ ಮಾತು ಈಗ ಯಾಕ್ರಿ?” ಅಂತೀವಿ. ಬೀದರದ ಕೆಂಪು ನೆಲವಿರಲಿ, ಭಾಲ್ಕಿ, ಔರಾದ ಕಡೆಯ ಎರೆಹೊಲವಿರಲಿ, ಅಜ್ಜ ತೀರಿಕೊಂಡು ವರ್ಷಗಳು ಕಳೆದರೂ ಪಹಣಿಯಲ್ಲಿ ಅವರದೇ ಹೆಸರು ಇದ್ದರೆ ಸಾಲಕ್ಕೆ, ಬೆಳೆ ಪರಿಹಾರಕ್ಕೆ ಮೊಮ್ಮಕ್ಕಳು ಅಲೆಯಬೇಕಾಗುತ್ತದೆ.

ಮೃತ್ಯುಪತ್ರ ಬರೆದರೆ ಹೊಲ ಕೈಬಿಡುತ್ತದೆ ಎಂಬ ಅಂಜಿಕೆ ಕೆಲವರಿಗೆ. ಅದು ಹಾಗಲ್ಲ. ದಾನಪತ್ರ ಮಾಡಿ ನೋಂದಾಯಿಸಿದರೆ ಹೊಲ ಆಗಲೇ ಬೇರೆಯವರದು. ಮೃತ್ಯುಪತ್ರ ಹಾಗಲ್ಲ, ನೀವು ಇರುವವರೆಗೆ ಹೊಲ ನಿಮ್ಮದೇ. ಮನಸ್ಸು ಬದಲಾದರೆ ಪತ್ರವನ್ನೂ ಬದಲಿಸಬಹುದು. ಕೊನೆಯದಾಗಿ ಬರೆದದ್ದೇ ನಡೆಯುತ್ತದೆ.

ಇನ್ನು, ಎಷ್ಟು ಬರೆಯಬಹುದು? ನಿಮ್ಮದು ಎಷ್ಟೋ ಅಷ್ಟೇ. ಒಂದು ಲೆಕ್ಕ ನೋಡೋಣ. ಒಬ್ಬ ಹಿಂದೂ ರೈತನಿಗೆ ಹೆಂಡತಿ ತೀರಿಕೊಂಡಿದ್ದಾಳೆ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಅವಿಭಕ್ತ ಕುಟುಂಬದ್ದು 8 ಎಕರೆ, ಸ್ವಂತ ದುಡಿಮೆಯಿಂದ ಕೊಂಡದ್ದು 4 ಎಕರೆ. “ಹನ್ನೆರಡೂ ಎಕರೆ ಮಗನಿಗೆ” ಎಂದು ಆತ ಬರೆದ. ನಡೆಯುತ್ತದೆಯೇ? ನಡೆಯುವುದಿಲ್ಲ. ಮನೆತನದ 8 ಎಕರೆಯಲ್ಲಿ ತಂದೆಗೆ 2, ಮೂವರು ಮಕ್ಕಳಿಗೆ ತಲಾ 2. ತಂದೆ ಬರೆಯಬಹುದಾದ್ದು ತನ್ನ 2 ಮತ್ತು ಸ್ವಂತದ 4, ಒಟ್ಟು 6 ಎಕರೆ. ಹೆಣ್ಣುಮಕ್ಕಳ ತಲಾ 2 ಎಕರೆಗೆ ಆ ಪತ್ರ ತಾಕುವುದಿಲ್ಲ.

“ಮದುವೆಯಲ್ಲಿ ಬಂಗಾರ ಕೊಟ್ಟಿದ್ದೀವಲ್ಲ, ಉದಗೀರಕ್ಕೆ ಕೊಟ್ಟ ಮಗಳಿಗೆ ಇಲ್ಲಿ ಎಂಥ ಪಾಲು?” ಎನ್ನಬೇಡಿರಿ. 1994ರಲ್ಲಿ ಕರ್ನಾಟಕ, 2005ರಲ್ಲಿ ಕೇಂದ್ರ ಸರಕಾರ ಕಾಯಿದೆ ತಿದ್ದಿದವು. 2005ರ ತಿದ್ದುಪಡಿಯಿಂದ ಮದುವೆಯಾದ ಮಗಳಿಗೂ ಮಗನಷ್ಟೇ ಹಕ್ಕು. ಅದು ಹುಟ್ಟಿನಿಂದ ಬಂದ ಹಕ್ಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾಯಿದೆಬದ್ಧವಾಗಿ ಪಾಲಾಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ. ಮಗಳು ಪಾಲು ಬಿಡುವುದಾದರೆ ನೋಂದಾಯಿತ ಹಕ್ಕುಬಿಡುಗಡೆ ಪತ್ರವೇ ಬೇಕು.

ಮುಸ್ಲಿಂ ಬಾಂಧವರ ವಸಿಯತ್ತಿಗೆ ಬೇರೆ ಕಟ್ಟಳೆ. ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೆಯ ಒಂದು ಭಾಗದ ತನಕ ಮಾತ್ರ. ವಾರಸದಾರನಿಗೇ ಬರೆಯಲು ಉಳಿದ ವಾರಸದಾರರ ಒಪ್ಪಿಗೆ ಬೇಕು.

ಬರೆಯುವುದು ಹೇಗೆ? ಹಿಂದೂ ರೈತರಿಗೆ ಹೇಳುವುದಾದರೆ, ಛಾಪಾ ಕಾಗದ ಬೇಡ, ಬಿಳಿ ಕಾಗದ ಸಾಕು. ಸರ್ವೆ ನಂಬರು, ಎಕರೆ, ಗುಂಟೆ, ಚಕ್ಕುಬಂದಿ ಸ್ಪಷ್ಟವಾಗಿರಲಿ. ನಿಮ್ಮ ಸಹಿ ಅಥವಾ ಹೆಬ್ಬೆಟ್ಟು ಇರಲಿ. ಇಬ್ಬರು ಸಾಕ್ಷಿಗಳು ಅದನ್ನು ಕಂಡು, ನಿಮ್ಮೆದುರಿಗೇ ಸಹಿ ಹಾಕಬೇಕು. ಸಾಕ್ಷಿಗಳು ನಿಮಗಿಂತ ಕಿರಿಯರಾಗಿದ್ದರೆ ಛಲೋ, ಮುಂದೆ ಕೋರ್ಟಿನಲ್ಲಿ ಹೇಳಲು ಬದುಕಿರಬೇಕಲ್ಲ! ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿರಿ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಪತ್ರ ಕಳೆದರೂ ನಕಲು ಸಿಗುತ್ತದೆ. ಸರಕಾರ ಮಂಜೂರು ಮಾಡಿದ ಜಮೀನಿದ್ದರೆ ಷರತ್ತುಗಳನ್ನು ಮೊದಲು ತಹಸೀಲ ಕಚೇರಿಯಲ್ಲಿ ವಿಚಾರಿಸಿರಿ.

ಪತ್ರ ಬರೆಯದೆ ಹಿಂದೂ ರೈತ ತೀರಿಕೊಂಡರೆ 1956ರ ಕಾಯಿದೆಯಂತೆ ಆತನ ಪಾಲು ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮನಾಗಿ ಹೋಗುತ್ತದೆ. ಪತ್ರ ಇರಲಿ, ಇಲ್ಲದಿರಲಿ, ಮೂರು ತಿಂಗಳೊಳಗೆ ಖಾತೆ ಬದಲಾವಣೆಗೆ ವರದಿ ಕೊಡಬೇಕು. ಒಂದು ಮಾತು ನೆನಪಿರಲಿ: ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬಂದಂತಲ್ಲ; ಅಣ್ಣನ ಹೆಸರೊಂದೇ ಇದ್ದರೂ ತಂಗಿಯ ಪಾಲು ಅಳಿಯುವುದಿಲ್ಲ.

ವಕೀಲರ ಫೀಸಿಗೆ ಹಿಂಜರಿಯಬೇಡಿರಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಕಾನೂನು ಸೇವಾ ಸಮಿತಿಯಲ್ಲಿ ನೆರವು ಪುಕ್ಕಟೆ. ಈ ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಮನೆಮಂದಿಯನ್ನೆಲ್ಲ, ಹೆಣ್ಣುಮಕ್ಕಳನ್ನೂ, ಕರೆದು ಕೂಡಿಸಿರಿ. ನೀವು ಇರುವಾಗ ಆಡಿದ ನಾಲ್ಕು ಮಾತು, ನೀವು ಹೋದ ಮೇಲೆ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ತಪ್ಪಿಸೀತು.