ಯುಗಾದಿಯ ಗೃಹಶೋಧನೆ



ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ. ಅದರ ಮರುದಿನವೇ ಚೈತ್ರ ಶುದ್ಧ ಪಾಡ್ಯಮಿ. ಇಂದು ಪ್ರವಚನಕ್ಕೆ ತಾಯಂದಿರು ಎಂದಿನಷ್ಟು ಬಂದಿಲ್ಲ. ಏಕೆ ಬಂದಿಲ್ಲವೆಂಬುದನ್ನು ನಾವು ಬಲ್ಲೆವು. ಹಳ್ಳದ ದಂಡೆಯಲ್ಲಿ ಕೌದಿ, ಜಮಖಾನೆಗಳು ಒಣಗುತ್ತಿವೆ. ಅಂಗಳದಲ್ಲಿ ಡಬ್ಬಿಗಳು ಬೋರಲು ಬಿದ್ದಿವೆ. ಗಂಡಸರೇನೋ ತುಂಬ ಬಂದಿದ್ದೀರಿ. ಮನೆಯ ಧೂಳನ್ನು ತಾಳಲಾರದೆ ಬಂದವರೇ ಇದರಲ್ಲಿ ಹೆಚ್ಚೆಂದು ತೋರುತ್ತದೆ. ಆಗಲಿ, ಬಂದದ್ದು ಒಳ್ಳೆಯದಾಯಿತು. ಇಂದಿನ ಮಾತು ಮನೆ ಸ್ವಚ್ಛಮಾಡುವುದನ್ನು ಕುರಿತದ್ದು. ಅದು ನಿಮಗೇ ಹೆಚ್ಚಾಗಿ ಸಲ್ಲಬೇಕಾದ ಮಾತು.

'ಗೃಹ' ಎಂಬ ಶಬ್ದವನ್ನು ನೋಡಿರಿ. ಅದು ಹುಟ್ಟಿದ್ದು 'ಗ್ರಹ' ಎಂಬ ಧಾತುವಿನಿಂದ. ಹಿಡಿಯುವುದು, ತೆಗೆದುಕೊಳ್ಳುವುದು ಎಂದು ಆ ಧಾತುವಿನ ಅರ್ಥ. ಧಾನ್ಯ ಮೊದಲಾದವನ್ನು ತನ್ನೊಳಗೆ ತೆಗೆದುಕೊಳ್ಳುವುದು ಯಾವುದೋ ಅದು ಗೃಹ. ಸಂಗ್ರಹ, ಪರಿಗ್ರಹ, ಆಗ್ರಹ ಎಲ್ಲವೂ ಅದೇ ಧಾತುವಿನ ಮಕ್ಕಳು. ಗ್ರಹಣವೂ ಅದರದೇ. ಸೂರ್ಯನಿಗೆ ಹಿಡಿದ ಗ್ರಹಣ ಕೆಲವು ತಾಸುಗಳಲ್ಲಿ ಬಿಡುತ್ತದೆ. ನಮ್ಮ ಅಟ್ಟಕ್ಕೆ ಹಿಡಿದ ಗ್ರಹಣ ಇಪ್ಪತ್ತು ವರ್ಷವಾದರೂ ಬಿಟ್ಟಿರುವುದಿಲ್ಲ! ಅಂದರೆ, ಹಿಡಿಯುವುದು ಮನೆಯ ಸ್ವಭಾವ. ಬಾಗಿಲಿನಿಂದ ಒಳಗೆ ಬಂದದ್ದನ್ನೆಲ್ಲ ಅದು ಹಿಡಿದಿಡುತ್ತದೆ. ಬಿಡುವುದಕ್ಕೆ ಅದಕ್ಕೆ ಕೈಯಿಲ್ಲ. ಆ ಕೆಲಸವನ್ನು ಮನೆಯವರೇ ಮಾಡಬೇಕು.

ಇನ್ನು ಕಸಬರಿಗೆಯ ಮಾತು. ಅದು ಕೀಳು ವಸ್ತುವೆಂದು ಬಾಗಿಲ ಹಿಂದೆ ಇಡುತ್ತೇವೆ. ಅಮರಸಿಂಹನು ತನ್ನ ಕೋಶದ ಪುರವರ್ಗದಲ್ಲಿ ಅದಕ್ಕೂ ಸ್ಥಾನ ಕೊಟ್ಟಿದ್ದಾನೆ. ಸಮ್ಮಾರ್ಜನೀ, ಶೋಧನೀ ಎಂದು ಎರಡು ಹೆಸರು. ಬಾಲ್ಯದಲ್ಲಿ ಅಮರವನ್ನು ಕಂಠಪಾಠ ಮಾಡುವಾಗ ಈ ಶೋಧನೀ ಶಬ್ದದ ಮೇಲೆ ನಾವು ನಿಲ್ಲಲಿಲ್ಲ, ಮುಂದೆ ಓಡಿದೆವು. ಈಗ ನೋಡಿದರೆ ಎಷ್ಟು ಅರ್ಥ ಇದೆ! ನಮ್ಮ ಕನ್ನಡದಲ್ಲಿ ಶೋಧಿಸು ಎಂದರೆ ಶುದ್ಧಮಾಡು ಎಂದೂ ಹೌದು, ಹುಡುಕು ಎಂದೂ ಹೌದು. ಹಾಲನ್ನು ಶೋಧಿಸುತ್ತೇವೆ, ಕಳೆದ ದನವನ್ನೂ ಶೋಧಿಸುತ್ತೇವೆ. ಕಸಕ್ಕೆ ಅದೇ ಕೋಶದಲ್ಲಿ 'ಸಂಕರ' ಎಂದು ಹೆಸರು, ಬೆರಕೆಯಾದದ್ದು ಎಂದರ್ಥ. ಅಕ್ಕಿಯೊಳಗೆ ಅಕ್ಕಿ ಇದ್ದರೆ ಅನ್ನವಾಗುತ್ತದೆ, ಅದೇ ಅಕ್ಕಿ ಹರಳಿನೊಡನೆ ಮೂಲೆಯಲ್ಲಿ ಬಿದ್ದರೆ ಕಸವಾಗುತ್ತದೆ. ವಸ್ತು ಬದಲಾಗಲಿಲ್ಲ, ಅದರ ನೆಲೆ ತಪ್ಪಿತು. ಆದ್ದರಿಂದ ಗುಡಿಸುವವರು ಗುಡಿಸುತ್ತಲೇ ಕೇಳಿಕೊಳ್ಳಬೇಕು: ಇದು ಎಲ್ಲಿಯದು? ಇದು ಯಾರದು?

ಮೇಲಿನಿಂದ ಕೆಳಕ್ಕೆ ಬರಬೇಕೆಂಬುದು ಮನೆ ತೊಳೆಯುವವರಿಗೆಲ್ಲ ಗೊತ್ತಿರುವ ಕ್ರಮ. ಮೊದಲು ಜಂತಿಯ ಜೇಡರಬಲೆ, ಆಮೇಲೆ ಗೋಡೆ, ಕೊನೆಗೆ ನೆಲ. ನೆಲ ಸಾರಿಸಿ ಆಮೇಲೆ ಜಂತಿ ಝಾಡಿಸಿದರೆ ಎರಡು ಸಲದ ಕೆಲಸ. ಹಾಗಾಗಿ ನಾವೂ ಅಟ್ಟದಿಂದಲೇ ಹೊರಡೋಣ.

ಅಟ್ಟದಲ್ಲಿ ಏನಿರುತ್ತದೆ? ಒಡೆದ ತೊಟ್ಟಿಲು, ಕಾಲು ಮುರಿದ ಮಣೆ, ಸೋರುವ ಕೊಪ್ಪರಿಗೆ, ಟೀವಿ ಬಂದ ಖಾಲಿ ಪೆಟ್ಟಿಗೆ. ಟೀವಿ ಕೆಟ್ಟು ಹೋಗಿ ಎಷ್ಟೋ ಕಾಲವಾಗಿರುತ್ತದೆ, ಪೆಟ್ಟಿಗೆ ಮಾತ್ರ ಭದ್ರವಾಗಿರುತ್ತದೆ. ಇವುಗಳ ವಿಷಯದಲ್ಲಿ ಹೆಚ್ಚು ವಿಚಾರ ಬೇಡ, ಇಳಿಸಿಬಿಡಿರಿ. ಮೂಲೆಯಲ್ಲಿ ಬಟ್ಟೆಯ ಗಂಟೊಂದು ಕಂಡರೆ ಮಾತ್ರ ಕೈ ತಡೆಯಿರಿ. ಅದರಲ್ಲಿ ತಾಡೋಲೆ ಇರಬಹುದು, ಮೋಡಿ ಲಿಪಿಯ ಕಾಗದಪತ್ರ ಇರಬಹುದು, ಅಜ್ಜನ ಕಾಲದ ಲೆಕ್ಕದ ವಹಿ ಇರಬಹುದು.

ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ೧೮೮೦ರಲ್ಲಿ ಹುಟ್ಟಿ ೧೯೬೪ರಲ್ಲಿ ಲಿಂಗೈಕ್ಯರಾದರು. ಊರೂರು ತಿರುಗಿ ಮನೆಮನೆಗಳಲ್ಲಿ, ಮಠಗಳಲ್ಲಿ ಇದ್ದ ಓಲೆಗರಿಗಳನ್ನು ಕೂಡಿಸಿದರು. ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಇಂದು ನಿಮ್ಮ ಮಕ್ಕಳು ಶಾಲೆಯಲ್ಲಿ ವಚನ ಹೇಳುವುದರ ಹಿಂದೆ ಆ ಮಹನೀಯರ ತಿರುಗಾಟವಿದೆ. ಆ ಓಲೆಗಳು ಅವರ ಕೈಗೆ ಬರುವವರೆಗೆ ಎಲ್ಲಿದ್ದವು? ಎಷ್ಟೋ ಮನೆಗಳಲ್ಲಿ ಜಗಲಿಯ ಮೇಲೆ ಬಟ್ಟೆ ಸುತ್ತಿ ವಿಭೂತಿ ಹಚ್ಚಿಸಿಕೊಂಡು ಕೂತಿದ್ದವು. ಮನೆಯವರು ಓದುತ್ತಿರಲಿಲ್ಲ, ಪೂಜಿಸುತ್ತಿದ್ದರು. ಓದದೆ ಪೂಜಿಸಿದರು ಎಂದು ಅವರನ್ನು ಹಾಸ್ಯಮಾಡುವವರಿದ್ದಾರೆ. ನಾವು ಮಾಡುವುದಿಲ್ಲ. ವರ್ಷಕ್ಕೊಮ್ಮೆ ಮನೆ ಸಾರಿಸುವಾಗ ಆ ಮನೆಯ ತಾಯಿ ಗಂಟನ್ನು ಎತ್ತಿ, ಧೂಳು ಕೊಡವಿ, ತಿರುಗಿ ಅಲ್ಲಿಯೇ ಇಟ್ಟಳು. ಹಾಗೆ ಇಟ್ಟದ್ದರಿಂದ ಉಳಿಯಿತು. ಪಕ್ಕದ ಮನೆಯಲ್ಲಿ ಅಂಥದೇ ಗಂಟು ಬಚ್ಚಲೊಲೆಗೆ ಹೋಗಿದ್ದರೆ ಅದರಲ್ಲಿ ಏನಿತ್ತೆಂಬುದನ್ನು ಇನ್ನು ಯಾರೂ ಹೇಳಲಾರರು.

ಅಂಥ ಗಂಟು ಸಿಕ್ಕರೆ ಒದ್ದೆ ಬಟ್ಟೆಯಿಂದ ಒರೆಸಬೇಡಿರಿ, ಬಿಸಿಲಿಗೆ ಹರಡಬೇಡಿರಿ, ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿರಿ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿರಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗಾಗಿಯೇ ವಿಭಾಗವಿದೆ. ಬಲ್ಲವರಿಗೆ ತೋರಿಸುವ ವ್ಯವಸ್ಥೆಯನ್ನು ಮಠದಿಂದ ಮಾಡಬಹುದು. ಕೊಡಲೇಬೇಕೆಂದು ನಾವು ಹೇಳುವುದಿಲ್ಲ. ಅದು ನಿಮ್ಮ ಮನೆತನದ್ದು. ರದ್ದಿ ಅಂಗಡಿಯ ತಕ್ಕಡಿಗೆ ಹಾಕಬೇಡಿರಿ ಎಂದಷ್ಟೇ ಹೇಳುತ್ತೇವೆ.

ಅಡುಗೆಮನೆಗೆ ಬರೋಣ. ಇಲ್ಲಿ ತಾಯಂದಿರಿಗೆ ನಾವು ಕಲಿಸುವುದೇನೂ ಇಲ್ಲ. ಬೇಳೆಕಾಳನ್ನು ಬಿಸಿಲಿಗೆ ಹಾಕುವುದು, ಮೊರದಲ್ಲಿ ಕೇರುವುದು, ನುಸಿ ಹಿಡಿಯದಂತೆ ಒಣಗಿದ ಬೇವಿನೆಲೆ ಇಡುವುದು, ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು, ಇವನ್ನು ನೀವೇ ಬಲ್ಲಿರಿ. ಒಂದನ್ನು ಮಾತ್ರ ಕೇಳುತ್ತೇವೆ. ಮನೆಯಲ್ಲಿ ನಾಲ್ಕು ಜನ, ನಾಗಂದಿಗೆಯ ಮೇಲೆ ನಲವತ್ತು ಡಬ್ಬಿ ಏಕೆ? ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ಗೊತ್ತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಡಬ್ಬಿಗೆ ತುಂಬಲಿಲ್ಲ, ಬೀದಿಗೂ ಚೆಲ್ಲಲಿಲ್ಲ. ತಂದ ಕಡೆಗೇ ಮರಳಿಸಿ ಬರಲು ಹೇಳಿದಳು. ಹೆಚ್ಚಾದದ್ದಕ್ಕೂ ಒಂದು ನೆಲೆಯಿದೆ ಎಂಬುದನ್ನು ಆ ತಾಯಿ ಕಂಡುಕೊಂಡಿದ್ದಳು. ನಿಮ್ಮ ಮನೆಯಲ್ಲಿ ಹೆಚ್ಚಾದ ಜೋಳ ಹುಳು ಹಿಡಿದ ಮೇಲೆ ಬಡವರ ನೆನಪಾಗುವುದು ಬೇಡ. ಹುಳು ಹಿಡಿಯುವ ಮೊದಲೇ ಆಗಲಿ.

ಪೂಜೆಯ ಕೋಣೆಯ ಮಾತನ್ನು ನಾವೇ ಆಡಬೇಕು, ಬೇರೆ ಯಾರು ಆಡಿದರೂ ನಿಮಗೆ ಸಿಟ್ಟು ಬರುತ್ತದೆ. ಅಂಗೈಯಲ್ಲಿ ಇಷ್ಟಲಿಂಗವಿರುವವರ ಮನೆ. ಆದರೂ ಗೋಡೆಯ ಮೇಲೆ ಮೊಳೆಗೆ ಜಾಗವಿಲ್ಲದಷ್ಟು ಪಟ. ಹೋದ ಊರಿಗೊಂದು, ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನದೊಂದು, ಗೃಹಪ್ರವೇಶಕ್ಕೆ ಬಂದ ಮೂರು. ಕೆಳಗೆ ಲಗ್ನಪತ್ರಿಕೆಗಳ ಕಟ್ಟು. ಮೇಲೆ ದೇವರ ಚಿತ್ರವಿದೆಯೆಂದು ಎಸೆಯಲು ಅಂಜಿಕೆ. ಆ ಮದುವೆಯ ಮಕ್ಕಳಿಗೆ ಮಕ್ಕಳಾದರೂ ಪತ್ರಿಕೆ ಹೋಗಿಲ್ಲ. ಕೊನೆಗೆ ಏನು ಮಾಡುತ್ತೀರಿ? ಕತ್ತಲಲ್ಲಿ ಒಯ್ದು ಅರಳಿಕಟ್ಟೆಗೆ ಒರಗಿಸಿ ಹಿಂದಿರುಗಿ ನೋಡದೆ ಬರುತ್ತೀರಿ. ಇಲ್ಲವೆ ಹೊಳೆಗೆ ಬಿಡುತ್ತೀರಿ. ಗಾಜು ಒಡೆದು ದನ ಕಾಯುವ ಹುಡುಗನ ಕಾಲಿಗೆ ನೆಡುತ್ತದೆ. ಮನೆಯಲ್ಲಿ ಇಡಲಾರದ ದೇವರನ್ನು ಬೀದಿಯಲ್ಲಿ ಬಿಟ್ಟರೆ ಅದು ಭಕ್ತಿಯೇ? ಅಂಜಬೇಡಿರಿ. ಚೌಕಟ್ಟು ಬಿಚ್ಚಿರಿ. ಗಾಜು, ತಗಡು, ಕಟ್ಟಿಗೆ ಬೇರೆ ಮಾಡಿ ಬೇಕಾದವರಿಗೆ ಕೊಡಿರಿ. ಕಾಗದವನ್ನು ನೀರಿನಲ್ಲಿ ನೆನೆಹಾಕಿ, ಕಿವುಚಿ, ತೆಂಗಿನ ಬುಡಕ್ಕೆ ಸುರಿದು ಮಣ್ಣೆಳೆಯಿರಿ. ಪ್ಲಾಸ್ಟಿಕ್ಕಿನ ಹೊದಿಕೆ ಇದ್ದ ಚಿತ್ರ ಮಾತ್ರ ನೆನೆಯುವುದಿಲ್ಲ. ಅಂಥದನ್ನು ಮೊದಲೇ ಕೊಳ್ಳದಿರುವುದು ವಾಸಿ.

ನಡುಮನೆಯನ್ನು ಬೇಗ ದಾಟೋಣ. ಅಲ್ಲಿರುವುದು ಗಾಜಿನ ಕಪಾಟು, ಅದರೊಳಗೆ ಸನ್ಮಾನದ ಫಲಕಗಳು. ಮಠಕ್ಕೂ ಶಾಲುಗಳು ಬರುತ್ತವೆ, ಬೇಡವೆಂದರೂ ಬರುತ್ತವೆ. ಅವನ್ನು ಚಳಿಗಾಲಕ್ಕೆ ಮೊದಲೇ ಹಂಚಿಬಿಡುತ್ತೇವೆ. ಫಲಕಗಳನ್ನು ಹಂಚಲು ಬರುವುದಿಲ್ಲ. ಅದಕ್ಕೆ ಉಪಾಯ ನಮಗೂ ತಿಳಿದಿಲ್ಲ.

ಮಲಗುವ ಕೋಣೆಯ ಟ್ರಂಕು, ಕಪಾಟುಗಳಲ್ಲಿ ಬಟ್ಟೆ. ಹಿಂದೆ ಸೀರೆಯ ಆಯುಷ್ಯ ದೊಡ್ಡದು. ಹಬ್ಬಕ್ಕೆ ಉಟ್ಟು, ದಿನಬಳಕೆಗೆ ಉಟ್ಟು, ಹೊಲದ ಕೆಲಸಕ್ಕೆ ಉಟ್ಟು, ಹರಿದ ಮೇಲೆ ಪದರ ಪದರವಾಗಿ ಹಾಸಿ ಓಣಿಯ ಮುದುಕಿಯರು ಕೌದಿ ಹೊಲಿಯುತ್ತಿದ್ದರು. ಕೌದಿಯೂ ಹರಿದರೆ ತೊಟ್ಟಿಲಿಗೆ, ಆಮೇಲೆ ನೆಲ ಒರೆಸಲು. ಕಸವಾಗಲು ಅದಕ್ಕೆ ಪುರಸೊತ್ತೇ ಇರಲಿಲ್ಲ. ಈಗ ಎರಡು ಸಲ ಉಟ್ಟ ಸೀರೆ ಕಪಾಟಿನಲ್ಲಿ, ಹೊದೆಯಲು ಅಂಗಡಿಯ ರಗ್ಗು. ಕೊಡಬೇಕೆನ್ನಿಸಿದಾಗ ಗುಂಡಿ ಕಿತ್ತ ಅಂಗಿ, ಜಿಪ್ಪು ಹೋದ ಪ್ಯಾಂಟು, ಒಗೆಯದ ಲಂಗ ಎಲ್ಲವನ್ನೂ ಒಂದು ಚೀಲಕ್ಕೆ ತುರುಕಿ 'ಬಡವರಿಗೆ' ಎನ್ನುತ್ತೇವೆ. ೨೦೦೪ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ತಮಿಳುನಾಡಿನ ಕರಾವಳಿಗೆ ದೇಶದ ಎಲ್ಲೆಡೆಯಿಂದ ಹಳೆಯ ಬಟ್ಟೆ ಹೋಯಿತು. ಸಂತ್ರಸ್ತರು ಅವನ್ನು ಮುಟ್ಟಲಿಲ್ಲ. ರಸ್ತೆಯ ಬದಿಗೆ ರಾಶಿ ರಾಶಿಯಾಗಿ ಬಿದ್ದವು. ಸಮುದ್ರ ತಂದ ಕೆಸರಿನ ಜೊತೆಗೆ ನಮ್ಮ ಮನೆಯ ಕಸವನ್ನೂ ಆ ಜನ ಎತ್ತಿಹಾಕಬೇಕಾಯಿತು. ಮನೆ ಖಾಲಿ ಮಾಡುವುದು ಬೇರೆ, ದಾಸೋಹ ಬೇರೆ. ಒಗೆದು, ಗುಂಡಿ ಹಚ್ಚಿ, ಮಡಿಚಿ, ಎದುರು ಕೂತು ಕೊಡಲು ನಿಮಗೆ ನಾಚಿಕೆಯಾಗದಂಥದನ್ನು ಕೊಡಿರಿ.

ಅದೇ ಕೋಣೆಯಲ್ಲಿ ಇನ್ನೊಂದು ಟ್ರಂಕು ಇರುತ್ತದೆ, ಅಜ್ಜಿಯದು. ಇದರ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಕೇಳಿರಿ.

ನಮ್ಮ ಭಕ್ತರ ಮನೆಯೊಂದರಲ್ಲಿ ನಡೆದದ್ದು. ಊರಿನ ಹೆಸರು ಬೇಡ. ಮಗ ಬೆಂಗಳೂರಿನಲ್ಲಿ ನೌಕರಿ. ತಂದೆ ತೀರಿದ ಮೇಲೆ ತಾಯಿ ಒಬ್ಬರೇ. ಹಬ್ಬಕ್ಕೆ ಬಂದ ಮಗ ತಾಯಿಗೆ ಶ್ರಮವಾಗಬಾರದೆಂದು ತಾನೇ ನಿಂತು ಮನೆ ಶುಚಿಮಾಡಿಸಿದ. ಒಳ್ಳೆಯ ಹುಡುಗ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಒಂದು ಟಂಟಂ ಗಾಡಿಯ ತುಂಬ ಸಾಮಾನು ಗುಜರಿಗೆ ಹೋಯಿತು. ಮನೆ ಕನ್ನಡಿಯಂತಾಯಿತು. ತಾಯಿ ಏನೂ ಅನ್ನಲಿಲ್ಲ. ಎರಡು ದಿನ ಸರಿಯಾಗಿ ಊಟಮಾಡಲಿಲ್ಲ, ಅಷ್ಟೇ. ಮೂರನೆಯ ದಿನ ಜೋಳಿಗೆ ಹಿಡಿದು ಜಂಗಮರು ಬಂದರು. ತಾಯಿ ಎದ್ದು ಒಳಗೆ ಹೋದರು, ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಮಗ ಹೋಗಿ ನೋಡಿದರೆ ಖಾಲಿ ಮಾಡದ ಎದುರು ನಿಂತಿದ್ದಾರೆ. ಅಲ್ಲಿ ತುಕ್ಕು ಹಿಡಿದ ಕಬ್ಬಿಣದ ಪಾವು ಇರುತ್ತಿತ್ತು. ಸೊಸೆಯಾಗಿ ಬಂದ ದಿನದಿಂದ ಅದರಿಂದಲೇ ಜೋಳ ಅಳೆದು ನೀಡುತ್ತಿದ್ದರಂತೆ. ಮಗ ಮೋಟರ್ ಸೈಕಲ್ ಏರಿ ಗುಜರಿ ಅಂಗಡಿಗೆ ಓಡಿದ. ಸರಕು ಆಗಲೇ ಲಾರಿ ಹತ್ತಿ ಹೋಗಿತ್ತು. ಹೊಸ ಸ್ಟೀಲಿನ ಪಾವು ತಂದುಕೊಟ್ಟಿದ್ದಾನೆ. ತಾಯಿ ಅದನ್ನು ಮಾಡದಲ್ಲಿ ಇಟ್ಟಿದ್ದಾರೆ. ನೀಡುವುದು ಮಾತ್ರ ಬೊಗಸೆಯಿಂದ.

ಆ ಹುಡುಗ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. 'ಅವ್ವಾ, ಇದು ಬೇಕೇನು?' ಪ್ರತಿಯೊಂದಕ್ಕೂ 'ಬೇಕು' ಎನ್ನುತ್ತಾರೆ, ಕೇಳಿದರೆ ಕೆಲಸ ಸಾಗುವುದಿಲ್ಲ ಎಂದು ಸೊಸೆಯಂದಿರು ಹೇಳುತ್ತಾರೆ. ಅದೂ ಸುಳ್ಳಲ್ಲ. ಹಿರಿಯರೂ ತಿಳಿಯಬೇಕು, ಒಡೆದ ಗಡಿಗೆಗೆಲ್ಲ ಹಟ ಹಿಡಿದರೆ ನಿಜವಾಗಿ ಬೇಕಾದ ಪಾವಿಗೆ ಬೆಲೆ ಉಳಿಯುವುದಿಲ್ಲ. ಆದರೆ ಅವರ ಟ್ರಂಕನ್ನು ಅವರೇ ತೆರೆಯಲಿ. ಎದುರು ಕೂತು ಒಂದೊಂದನ್ನೇ ತೆಗೆದು ಯಾರದೆಂದು ಕೇಳಿರಿ. ಒಂದು ಮಧ್ಯಾಹ್ನ ಹೋಗುತ್ತದೆ, ಹೋಗಲಿ. ಅರ್ಧ ಟ್ರಂಕನ್ನು ಅವರೇ ಮೊಮ್ಮಕ್ಕಳಿಗೆ ಹಂಚಿಬಿಡುವುದನ್ನು ನಾವು ಕಂಡಿದ್ದೇವೆ.

ಬಚ್ಚಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಬೇಗ ಬೆಳ್ಳಗಾಗಲೆಂದು ಬ್ಲೀಚಿಂಗ್ ಪುಡಿ ಚೆಲ್ಲಿ ಅದರ ಮೇಲೆ ಆಸಿಡ್ ಸುರಿಯುತ್ತಾರೆ. ಎರಡೂ ಕೂಡಿದರೆ ಕ್ಲೋರಿನ್ ಎಂಬ ವಿಷವಾಯು ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಉಸಿರು ಕಟ್ಟುತ್ತದೆ, ಪ್ರಾಣಕ್ಕೂ ಬರಬಹುದು. ಸಂಕರ ಎಂದೆವಲ್ಲ, ಇದೂ ಅದೇ ಜಾತಿಯದು. ಒಂದನ್ನು ಬಳಸಿದರೆ ಚೆನ್ನಾಗಿ ನೀರು ಹೊಯ್ದು ತೊಳೆಯಿರಿ, ಇನ್ನೊಂದನ್ನು ಅದರ ಹತ್ತಿರ ತರಬೇಡಿರಿ.

ಹಿತ್ತಲಿನಲ್ಲಿ ಒಳಗಿನಿಂದ ತಂದದ್ದನ್ನೆಲ್ಲ ಗುಡ್ಡೆಹಾಕಿ ಬೆಂಕಿ ಹಚ್ಚುವ ರೂಢಿ ಇದೆ. ಎಲೆ, ಕಡ್ಡಿ ಗೊಬ್ಬರದ ಗುಂಡಿಗೆ ಹೋಗಲಿ. ಪ್ಲಾಸ್ಟಿಕ್ಕಿಗೆ ಬೆಂಕಿ ಬೇಡ, ಆ ಹೊಗೆಯನ್ನು ನಿಮ್ಮ ಕೂಸೇ ಕುಡಿಯುತ್ತದೆ. ತೆಂಗಿನ ಚಿಪ್ಪು, ಹಳೆಯ ಟಾಯರು, ಒಡೆದ ಬಕೆಟ್ಟು ಅಲ್ಲಿ ಬಿದ್ದಿದ್ದರೆ ಮಳೆಗಾಲಕ್ಕೆ ಮೊದಲೇ ತೆಗೆಸಿರಿ. ಡೆಂಗ್ಯೂ ತರುವ ಸೊಳ್ಳೆ ಚರಂಡಿಗಿಂತ ಇಂಥ ತಿಳಿನೀರಿನಲ್ಲೇ ಹೆಚ್ಚು ಹುಟ್ಟುವುದು; ತತ್ತಿಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು.

ಇಷ್ಟು ಕೋಣೆಗಳನ್ನು ತಿರುಗಿ ಬಂದೆವು. ಏಣಿ ಏರಿದವರು ಯಾರು, ನೀರು ಹೊತ್ತವರು ಯಾರು? ಹೆಚ್ಚಿನ ಮನೆಗಳಲ್ಲಿ ತಾಯಂದಿರೇ. ಸ್ಟೂಲಿನ ಮೇಲೆ ಸ್ಟೂಲು ಇಟ್ಟು ಹತ್ತುತ್ತಾರೆ, ಯಜಮಾನರು ಕಟ್ಟೆಯ ಮೇಲೆ ಪತ್ರಿಕೆ ಓದುತ್ತಾರೆ. ಶರಣೆ ಸತ್ಯಕ್ಕ ಶರಣರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಹಿಡಿದವಳು. ಕಸಬರಿಗೆ ಹಿಡಿದ ಆ ಕೈಗೆ ಅನುಭಾವದ ಮಾತಿನಲ್ಲಿ ಎಲ್ಲರ ಸಮನಾದ ಸ್ಥಾನವಿತ್ತು. ಅವಳನ್ನು ಕೊಂಡಾಡಲು ಗಂಡಸರಿಗೆ ಬೇಸರವಿಲ್ಲ, ಅವಳ ಕಸಬರಿಗೆಯನ್ನು ಮುಟ್ಟಲು ಮಾತ್ರ ಸಂಕೋಚ. ಈ ಯುಗಾದಿಗೆ ಅಟ್ಟವನ್ನು ಗಂಡಸರು ಏರಿರಿ. ಇಳಿಸಿದ್ದನ್ನು ತಾಯಂದಿರು ಕೂತಲ್ಲಿಯೇ ನೋಡಿ ಹೇಳಲಿ.

ಬರುವ ಭಾನುವಾರದಿಂದ ಅಮಾವಾಸ್ಯೆಯವರೆಗೆ ಮಠದ ಪಡಸಾಲೆ ಮುಂಜಾನೆ ಏಳರಿಂದ ತೆರೆದಿರುತ್ತದೆ. ಒಗೆದ ಬಟ್ಟೆ ಒಂದು ಕಡೆ, ಪಾತ್ರೆ ಒಂದು ಕಡೆ, ಶಾಲೆಯ ಪುಸ್ತಕ ಒಂದು ಕಡೆ ಇಡಿರಿ. ಬೇಕಾದವರು ಯಾರನ್ನೂ ಕೇಳದೆ ಒಯ್ಯಬಹುದು. ಅವಧಿ ಮುಗಿದ ಔಷಧ, ಹಳೆಯ ಮೊಬೈಲು, ಬ್ಯಾಟರಿಗಳನ್ನು ಇದರಲ್ಲಿ ಬೆರೆಸಬೇಡಿರಿ. ಓಲೆ, ಕಾಗದಪತ್ರದ ಗಂಟುಗಳಿದ್ದವರು ಬಿಚ್ಚದೆ, ಒರೆಸದೆ ಹಾಗೆಯೇ ತನ್ನಿರಿ. ಮಳೆ ಬಂದರೆ ಆ ದಿನ ತರಬೇಡಿರಿ.