ಆರು ತಲೆಗಳ ಅಂದಾಜು

ನಾನು ಮೂವತ್ತನಾಲ್ಕು ವರ್ಷ ಸರ್ಕಾರದ ಲೆಕ್ಕಪತ್ರ ಬರೆದವನು. ಸೇತುವೆ, ರಸ್ತೆ, ಶಾಲೆಯ ಮಾಡು, ತಾಲ್ಲೂಕು ಕಚೇರಿಯ ಸುಣ್ಣಬಣ್ಣ, ಇವುಗಳ ಅಂದಾಜುಪಟ್ಟಿಗಳೆಲ್ಲ ನನ್ನ ಮೇಜನ್ನು ದಾಟಿಯೇ ಮುಂದೆ ಹೋಗಬೇಕಾಗಿತ್ತು. ಅಂಥವನನ್ನು ಈ ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಮಕ್ಕಳ ವಿನೋದಕ್ಕೆಂದು ಕಟ್ಟಿದ ಒಂದು ಉದ್ಯಾನದ ಮಗ್ಗುಲಿನ ಹೋಟೆಲಿನಲ್ಲಿ ನಾಲ್ಕು ರಾತ್ರಿ ತಂಗುವ ಖರ್ಚಿನ ಪಟ್ಟಿಯೊಂದು ವಾರಗಟ್ಟಲೆ ನಿದ್ದೆಗೆಡಿಸೀತೆಂದು ನಾನು ಎಣಿಸಿರಲಿಲ್ಲ. ಆ ಪಟ್ಟಿಯ ವಿಚಾರವನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ನನ್ನ ಮಗಳ ಸಂಸಾರ ಅಮೆರಿಕದ ನ್ಯೂಜರ್ಸಿಯಲ್ಲಿದೆ. ಈ ಪಟ್ಟಿ ಬಂದಾಗ ಮೊಮ್ಮಗಳಿಗೆ ಐದು ವರ್ಷ, ಮೊಮ್ಮಗನಿಗೆ ಹತ್ತು ತಿಂಗಳು. ಇನ್ನು ಮೂರು ವರ್ಷಕ್ಕೆ ನಾವೆಲ್ಲರೂ ಒಟ್ಟಾಗಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡಿಗೆ ಹೋಗಬೇಕು, ಅಲ್ಲಿ ಗ್ರಾಂಡ್ ಫ್ಲಾರಿಡಿಯನ್ ಎಂಬ ಹೋಟೆಲಿನಲ್ಲಿಯೇ ಇಳಿದುಕೊಳ್ಳಬೇಕು ಎಂಬುದು ಅವಳ ಸಂಕಲ್ಪ. 2024ರ ದರಗಳನ್ನು ಆಧಾರವಾಗಿಟ್ಟುಕೊಂಡು ಖರ್ಚಿನ ಬಾಬುಗಳನ್ನೆಲ್ಲ ಸಾಲಾಗಿ ಬರೆದು, ಕೊನೆಗೆ ಒಂದು ಷರಾ ಅಂಕಣವನ್ನೂ ಎಳೆದು, "ಅಪ್ಪ, ನೀವೊಂದು ಸಲ ಕಣ್ಣಾಡಿಸಿ" ಎಂದು ಕಳುಹಿಸಿದ್ದಳು. ಷರಾ ಅಂಕಣವಿಲ್ಲದ ಪಟ್ಟಿಯನ್ನು ನಾನು ಮುಟ್ಟುವುದಿಲ್ಲವೆಂದು ಅವಳಿಗೆ ಚಿಕ್ಕಂದಿನಿಂದಲೂ ಗೊತ್ತು.

ಲೆಕ್ಕಕ್ಕೆ ಹೋಗುವ ಮೊದಲು ಆ ಹೋಟೆಲಿಗೆ ಅಷ್ಟೊಂದು ಬೆಲೆ ಏಕೆ ಎಂಬುದನ್ನು ಹೇಳಬೇಕು. ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮಿನಲ್ಲಿ ತನ್ನ ಮೊದಲ ಉದ್ಯಾನವನ್ನು ತೆರೆದಾಗ ಅವನ ಕೈಯಲ್ಲಿದ್ದ ಹಣವೆಲ್ಲ ಉದ್ಯಾನಕ್ಕೇ ಮುಗಿದುಹೋಗಿತ್ತು. ಹೋಟೆಲು ಕಟ್ಟಲು ಉಳಿದಿರಲಿಲ್ಲ. ಅದನ್ನು ಜಾಕ್ ರಾಥರ್ ಎಂಬ ಇನ್ನೊಬ್ಬ ಉದ್ಯಮಿ ಕಟ್ಟಿದ. ಉದ್ಯಾನ ಜನಪ್ರಿಯವಾಗುತ್ತಿದ್ದಂತೆ ಸುತ್ತಮುತ್ತ ಇತರರ ವಸತಿಗೃಹಗಳು ಎದ್ದವು. ಬರುವ ಜನವನ್ನು ಕರೆತಂದವನು ಡಿಸ್ನಿ; ಅವರು ಮಲಗುವ ಹಾಸಿಗೆಯ ಬಾಡಿಗೆ ಮಾತ್ರ ಬೇರೆಯವರದು. ಈ ಪಾಠವನ್ನು ಅವನು ಮರೆಯಲಿಲ್ಲ. ಫ್ಲಾರಿಡಾದಲ್ಲಿ ಎರಡನೆಯ ಸಲ ಕೈಹಾಕಿದಾಗ ಬೇರೆ ಬೇರೆ ಕಂಪೆನಿಗಳ ಹೆಸರಿನ ಮರೆಯಲ್ಲಿ 27,000 ಎಕರೆಗೂ ಹೆಚ್ಚಿನ ನೆಲವನ್ನು ಕೊಂಡ. 1966ರಲ್ಲಿ ಅವನು ತೀರಿಕೊಂಡ. ನಿವೃತ್ತಿಯ ಯೋಚನೆಯಲ್ಲಿದ್ದ ಅಣ್ಣ ರಾಯ್ ಅದನ್ನು ಮುಂದೂಡಿ ಕೆಲಸವನ್ನು ಮುಗಿಸಿದ. 1971ರ ಅಕ್ಟೋಬರ್ 1ರಂದು ಉದ್ಯಾನ ತೆರೆದಾಗ ಅದರ ಜೊತೆಯಲ್ಲಿಯೇ ಎರಡು ಹೋಟೆಲುಗಳೂ ತೆರೆದವು. ಅದೇ ವರ್ಷದ ಡಿಸೆಂಬರಿನಲ್ಲಿ ರಾಯ್ ಕೂಡ ತೀರಿಕೊಂಡ. ತಮ್ಮನ ಅಂದಾಜುಪಟ್ಟಿಯನ್ನು ಅಣ್ಣ ಪೂರೈಸಿ ಹೋದ ಆ ಸಂಗತಿ, ಉದ್ಯಾನದ ಎಲ್ಲ ಯಕ್ಷಿಣಿಗಳಿಗಿಂತಲೂ ನನ್ನ ಮನಸ್ಸನ್ನು ಹೆಚ್ಚು ಹಿಡಿಯಿತು.

ಗ್ರಾಂಡ್ ಫ್ಲಾರಿಡಿಯನ್ ಬಂದದ್ದು 1988ರಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿರಿವಂತರು ಚಳಿಗಾಲ ಕಳೆಯಲು ಹೋಗುತ್ತಿದ್ದ ಕಡಲತೀರದ ಹೋಟೆಲುಗಳ ಮಾದರಿ. ಬಿಳಿಯ ಗೋಡೆ, ಕೆಂಪು ಮಾಡು, ಐದು ಅಂತಸ್ತಿನ ಎತ್ತರದ ಹಜಾರ. ಮುಂದೆ ಕಾಣುವ ಸರೋವರ ಮನುಷ್ಯರು ತೋಡಿದ್ದು. ಅದರ ಆಚೆ ದಡದಲ್ಲಿ ಉದ್ಯಾನದ ಕೋಟೆ. ಅಲ್ಲಿಗೆ ಒಂಟಿ ಹಳಿಯ ರೈಲಿನಲ್ಲಿ ಹೋಗಬಹುದು, ದೋಣಿಯಲ್ಲಿಯೂ ಹೋಗಬಹುದು, ನಡೆದೂ ಹೋಗಬಹುದು. ರಾತ್ರಿ ಕೋಟೆಯ ಮೇಲೆ ಸಿಡಿಯುವ ಬಾಣಬಿರುಸುಗಳು ಕಿಟಕಿಯಿಂದ ಕಾಣಬೇಕೆಂದರೆ ಅಂಥ ಕೋಣೆಗೆ ಬೇರೆ ದರ. ಆಕಾಶವನ್ನು ನೋಡುವುದಕ್ಕೂ ಬಾಡಿಗೆಯೇ ಎಂದು ನನ್ನ ಹೆಂಡತಿ ನಕ್ಕಳು.

2024ರಲ್ಲಿ ಅಲ್ಲಿನ ಅತ್ಯಂತ ಸಾಧಾರಣ ಕೋಣೆಯ ಘೋಷಿತ ದರವೂ, ಜನಸಂದಣಿ ಕಡಿಮೆಯಿರುವ ದಿನಗಳಲ್ಲಿ ಸಹ, ರಾತ್ರಿಗೆ 700 ಡಾಲರಿನ ಮೇಲಿತ್ತು. ಕ್ರಿಸ್‌ಮಸ್ ವಾರದ ಮಾತು ಬೇಡ. ಮಗಳು ಸ್ವಲ್ಪ ಏರಿಕೆಯನ್ನೂ ಸೇರಿಸಿ 800 ಎಂದು ಹಿಡಿದಿದ್ದಳು. ಇದರ ಮೇಲೆ ತೆರಿಗೆಗಳೆಲ್ಲ ಸೇರಿ ನೂರಕ್ಕೆ ಹನ್ನೆರಡೂವರೆ. ನಾಲ್ಕು ರಾತ್ರಿಗೆ ಒಂದು ಕೋಣೆಗೆ 3,600 ಡಾಲರ್ ಆಯಿತು. ಉದ್ಯಾನದ ಪ್ರವೇಶ ಪ್ರತ್ಯೇಕ. 1971ರಲ್ಲಿ ದೊಡ್ಡವರಿಗೆ ಪ್ರವೇಶದರ ಮೂರೂವರೆ ಡಾಲರಾಗಿತ್ತು. ಒಳಗಿನ ಆಟಗಳಿಗೆ ಎ ಇಂದ ಇ ವರೆಗೆ ದರ್ಜೆ ಮಾಡಿದ ಚೀಟಿಗಳನ್ನು ಬೇರೆ ಕೊಳ್ಳಬೇಕಿತ್ತು. ಎಲ್ಲಕ್ಕಿಂತ ದುಬಾರಿಯದು ಇ ಚೀಟಿ. 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಸ್ಯಾಲಿ ರೈಡ್ ತನ್ನ ಪಯಣವನ್ನು ಇ ಚೀಟಿಗೆ ಹೋಲಿಸಿದಳಂತೆ! ಆ ಚೀಟಿಗಳು ಆ ವೇಳೆಗೆ ರದ್ದಾಗಿದ್ದರೂ ಮಾತಿನಲ್ಲಿ ಉಳಿದಿದ್ದವು. 2024ರಲ್ಲಿ ಒಂದು ದಿನದ ಪ್ರವೇಶಕ್ಕೆ, ದಿನವನ್ನೂ ಉದ್ಯಾನವನ್ನೂ ಅನುಸರಿಸಿ, 109ರಿಂದ 189 ಡಾಲರ್. ಹತ್ತು ತುಂಬಿದವರೆಲ್ಲ ದೊಡ್ಡವರು. ಮಕ್ಕಳಿಗೆ ದರ ಕಡಿಮೆಯೇನೋ ನಿಜ, ಆದರೆ ನಮ್ಮ ಬಸ್ಸಿನ ಅರ್ಧ ಟಿಕೆಟ್ಟಿನ ಔದಾರ್ಯವನ್ನು ಅಲ್ಲಿ ನಿರೀಕ್ಷಿಸಬಾರದು. ಮೂರು ತುಂಬದ ಕೂಸಿಗೆ ಮಾತ್ರ ಪ್ರವೇಶ ಉಚಿತ.

ಮಗಳ ಪಟ್ಟಿಯಲ್ಲಿ ಮೂರು ದಿನದ ಪ್ರವೇಶಕ್ಕೆ ಆರು ಜನರಿಗೆ 2,700, ನ್ಯೂಜರ್ಸಿಯಿಂದ ವಿಮಾನಕ್ಕೆ 1,800, ಊಟತಿಂಡಿಗೆ 1,200, ಸಾದಿಲ್ವಾರು 600. ಕೋಣೆ ಎರಡು, 7,200. ಒಟ್ಟು 13,500 ಡಾಲರ್. ಮೂವತ್ತಾರು ತಿಂಗಳಿಗೆ ಹಂಚಿದರೆ ತಿಂಗಳಿಗೆ 375. ನಮ್ಮ ಹಣದಲ್ಲಿ ಒಟ್ಟು ಹನ್ನೊಂದು ಲಕ್ಷ ರೂಪಾಯಿಗೂ ಮೇಲೆ. 1984ರಲ್ಲಿ ನಾನು ಈಗಿರುವ ಮನೆಯನ್ನು ಕಟ್ಟಿಸಿದಾಗ ಆದ ವೆಚ್ಚ ಒಂದು ಲಕ್ಷದ ಇಪ್ಪತ್ತು ಸಾವಿರ. ಅದನ್ನು ತೀರಿಸಲು ಹನ್ನೆರಡು ವರ್ಷ ಹಿಡಿದಿತ್ತು.

ಎರಡು ಕೋಣೆ ಏಕೆಂದು ನೋಡಿದೆ. ಅವಳು ಆರಿಸಿದ ದರ್ಜೆಯ ಕೋಣೆಯಲ್ಲಿ ಐದು ಜನಕ್ಕೆ ಅವಕಾಶ. ನಾವು ಆರು ಮಂದಿ. ಆರನೆಯ ತಲೆಗಾಗಿ ಇನ್ನೊಂದು ಪೂರ್ತಿ ಕೋಣೆ! ಲೆಕ್ಕ ಪರಿಶೋಧಕನ ಕಣ್ಣಿಗೆ ಇಂಥದು ಬಿದ್ದರೆ ಪೆನ್ಸಿಲ್ ತಾನಾಗಿ ಕೈಗೆ ಬರುತ್ತದೆ. ನಾವು ಮುದುಕರಿಬ್ಬರೂ ಹೊರಗುಳಿದರೆ ಏನಾಗುತ್ತದೆಂದು ಕೂಡಿ ಕಳೆದು ನೋಡಿದೆ. ಕೋಣೆ 3,600, ಪ್ರವೇಶ 900, ವಿಮಾನ 600, ಊಟ 400. ಒಟ್ಟಿನಲ್ಲಿ 5,500 ಡಾಲರ್ ಉಳಿತಾಯ. ಹೆಂಡತಿಗೆ ಹೇಳದೆಯೇ ನಮ್ಮಿಬ್ಬರ ಹೆಸರುಗಳ ಮೇಲೆ ಒಂದೊಂದು ಗೆರೆ ಎಳೆದೆ. ಆ ನಾಲ್ಕು ದಿನ ನಾವು ನ್ಯೂಜರ್ಸಿಯ ಮನೆಯಲ್ಲಿಯೇ ಇದ್ದು ಗಿಡಗಳಿಗೆ ನೀರು ಹಾಕುತ್ತೇವೆಂದು ಷರಾ ಬರೆದೆ. ಮಗಳ ಸಂಸಾರಕ್ಕೆ ಉಪಕಾರ ಮಾಡಿದೆನೆಂಬ ತೃಪ್ತಿಯೂ ಆಗದಿರಲಿಲ್ಲ.

ಕಳುಹಿಸುವ ಮೊದಲು ಅವಳ ಷರಾಗಳನ್ನು ಓದಬೇಕಲ್ಲ? ಅಂಕಿಗಳ ರಭಸದಲ್ಲಿ ಅದನ್ನು ಓದಿರಲಿಲ್ಲ. ಹೋಟೆಲಿನ ಸಾಲಿನ ಎದುರಿಗೆ ಅವಳು ಬರೆದಿದ್ದುದು ಎರಡೇ ಮಾತು: "ಅಮ್ಮನ ಮಂಡಿ."

ನಾನು ಪೆನ್ಸಿಲ್ ಕೆಳಗಿಟ್ಟೆ. ನನ್ನ ಹೆಂಡತಿಗೆ ಆರೇಳು ವರ್ಷದಿಂದ ಮಂಡಿನೋವು. ಅಲ್ಲಿ ದಿನವೆಲ್ಲ ಮೈಲಿಗಟ್ಟಲೆ ನಡೆಯಬೇಕು. ದೂರದ ಹೋಟೆಲಾದರೆ ಬಸ್ಸಿಗೆ ಕಾಯಬೇಕು, ಬೆಳಿಗ್ಗೆ ಹೊರಟವರು ರಾತ್ರಿಗೇ ಮರಳಬೇಕು. ಇಲ್ಲಿಯಾದರೆ ನಡುಹಗಲಿನಲ್ಲಿ ರೈಲು ಹತ್ತಿ ಬಂದು ಒಂದು ಗಳಿಗೆ ಕಾಲು ನೀಡಿ ಮಲಗಿ ಸಂಜೆಗೆ ಮತ್ತೆ ಹೋಗಬಹುದು. ಆ 800 ಡಾಲರಿನಲ್ಲಿ ಮಗಳು ಕೊಳ್ಳಹೊರಟಿದ್ದುದು ಬಿಳಿಯ ಗೋಡೆಯನ್ನೂ ಕೆಂಪು ಮಾಡನ್ನೂ ಅಲ್ಲ. ಅದೇ ಸಂಸ್ಥೆಗೆ ಸೇರಿದ ಅಗ್ಗದ ಹೋಟೆಲುಗಳೂ ಅಲ್ಲಿವೆ. ರಾತ್ರಿಗೆ 200 ಡಾಲರಿನ ಆಸುಪಾಸಿನಲ್ಲಿ ನಾಲ್ಕು ಜನರ ಕೋಣೆ ಸಿಗುತ್ತದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸರಿಯಾಗಿ ಹಿಡಿಸುತ್ತಾರೆ. ಹಾಗಾದರೆ ನನ್ನ ಲೆಕ್ಕವೇ ತಪ್ಪು. ನಾವಿಬ್ಬರೂ ಇಲ್ಲದಿದ್ದರೆ ಉಳಿಯುವುದು 5,500 ಅಲ್ಲ, 8,200. ಅಂದಾಜಿನ ಬಹುಪಾಲು ನಾವೇ ಆಗಿದ್ದೆವು. ಮಕ್ಕಳ ಉದ್ಯಾನದ ಹೆಸರಿನಲ್ಲಿ ಅವಳು ಬರೆದದ್ದು ತಂದೆತಾಯಿಗಳ ಅಂದಾಜುಪಟ್ಟಿ.

ಆ ರಾತ್ರಿ ಹೆಂಡತಿಗೆ ಹಾಳೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಗೆರೆಗಳನ್ನು ನೋಡಿದಳು.

"ನಿಮ್ಮ ಹೆಸರನ್ನು ನೀವು ಹೊಡೆದುಕೊಳ್ಳಿ," ಎಂದಳು. "ನನ್ನ ಹೆಸರು ಹೊಡೆಯೋದಕ್ಕೆ ನಿಮಗೆ ಯಾರು ಅಧಿಕಾರ ಕೊಟ್ಟರು?"

"ಖರ್ಚು ಎಷ್ಟಾಗುತ್ತೆ ನೋಡಿದೆಯಾ?"

"ನೋಡಿದೆ. ಮೂರು ವರ್ಷ ಆದಮೇಲೆ ಅಂತ ಬರೆದಿದ್ದಾಳಲ್ಲ, ಅದನ್ನೂ ನೋಡಿದೆ. ಅದಕ್ಕೇನೂ ಷರಾ ಇಲ್ಲವೇ?"

ನಾನು ಮೂರು ವರ್ಷವೆಂಬುದನ್ನು ಭಾಗಾಕಾರದ ಅಂಕಿಯಾಗಿ ಮಾತ್ರ ನೋಡಿದ್ದೆ. ಮೂರು ವರ್ಷಕ್ಕೆ ನನಗೆ ಎಪ್ಪತ್ತೇಳು, ಅವಳಿಗೆ ಎಪ್ಪತ್ತೆರಡು. ಸೇತುವೆ ಮೂರು ವರ್ಷ ತಡವಾದರೆ ಅದರ ವೆಚ್ಚ ಏರುತ್ತದೆ, ಹೊಳೆ ಅಲ್ಲಿಯೇ ಇರುತ್ತದೆ. ನಾವು ಇರುವೆವೋ ಇಲ್ಲವೋ, ಇದ್ದರೂ ಮಂಡಿಗಳು ಹೇಗಿರುವುವೋ, ಇದನ್ನು ಯಾವ ಬಾಬಿನಲ್ಲಿ ತೋರಿಸುವುದು?

ಮಾರನೆಯ ಬೆಳಿಗ್ಗೆ ಕುಳಿತು ಪರಿಷ್ಕೃತ ಅಂದಾಜು ಬರೆದೆ. ಆ ಹೋಟೆಲಿನ ನಿಯಮದಂತೆ ಮೂರು ತುಂಬದ ಕೂಸನ್ನು ತೊಟ್ಟಿಲಿನಲ್ಲಿ ಮಲಗಿಸಿದರೆ ಐದರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊಮ್ಮಗನಿಗೆ ಮೂರು ತುಂಬಲು ಇನ್ನೂ ಇಪ್ಪತ್ತಾರು ತಿಂಗಳು. ಇಪ್ಪತ್ತನಾಲ್ಕು ತಿಂಗಳಿಗೇ ಹೊರಟರೆ ಆರು ಜನಕ್ಕೂ ಒಂದೇ ಕೋಣೆ ಸಾಕು. ಅವನಿಗೆ ಪ್ರವೇಶವೂ ಉಚಿತ. ಒಟ್ಟು 13,500 ಇದ್ದುದು 9,450ಕ್ಕೆ ಇಳಿಯುತ್ತದೆ. ತಿಂಗಳಿಗೆ 394 ಡಾಲರ್. ಮೊದಲಿನದಕ್ಕಿಂತ ಹೆಚ್ಚಳ ಇಪ್ಪತ್ತು ಡಾಲರಿಗೂ ಕಡಿಮೆ. ದರಗಳೂ ಒಂದು ವರ್ಷದಷ್ಟು ಕಡಿಮೆ ಏರಿರುತ್ತವೆ. ಕೋಣೆಯನ್ನು 499 ದಿನ ಮುಂಚಿತವಾಗಿ ಕಾದಿರಿಸಬಹುದು. ಕೋಣೆಯೊಂದನ್ನೇ ಕಾದಿರಿಸಿದರೆ ಒಂದು ರಾತ್ರಿಯ ಬಾಡಿಗೆ ಮುಂಗಡ. ವಾರದ ಮುಂಚೆ ಬೇಡವೆಂದರೆ ಅದೂ ವಾಪಸು. ಕೊಟ್ಟ ಮುಂಗಡ ಹೀಗೆ ಪೂರ್ತಿ ಮರಳಿ ಬಂದ ಕಾಮಗಾರಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡದ್ದಿಲ್ಲ.

ಭಾನುವಾರ ಮಗಳು ಮಾತನಾಡಿದಳು. ಲೆಕ್ಕವನ್ನು ಒಪ್ಪಿದಳು, ದಿನಾಂಕವನ್ನು ಒಪ್ಪಲಿಲ್ಲ. "ಅಷ್ಟು ಬೇಗ ಹೋದರೆ ಪುಟ್ಟನಿಗೆ ಏನೂ ನೆನಪಿರೋದಿಲ್ಲ ಅಪ್ಪ. ಅದಕ್ಕೇ ಮೂರು ವರ್ಷ ಅಂದದ್ದು."

ಅವಳು ಹೇಳಿದ್ದೂ ನಿಜವೇ. ಎರಡು ವರ್ಷ ಹತ್ತು ತಿಂಗಳ ಮಗುವಿಗೆ ಯಾವ ಕೋಟೆಯ ನೆನಪು ಉಳಿದೀತು? ನನಗೆ ಉತ್ತರ ಹೊಳೆಯಲಿಲ್ಲ. ಹಿಂದಿನಿಂದ ನನ್ನ ಹೆಂಡತಿ, "ನಮಗಿರುತ್ತಲ್ಲ, ಬಿಡು," ಎಂದಳು.

ಆ ಕಡೆಯಿಂದ ತುಸು ಹೊತ್ತು ಮಾತಿಲ್ಲ. ಅಷ್ಟರಲ್ಲಿ ಮೊಮ್ಮಗಳು ನಡುವೆ ಬಂದು, ಒಂದೇ ಕೋಣೆಯಾದರೆ ತಾನು ಅಜ್ಜಿಯ ಪಕ್ಕದಲ್ಲಿ ಮಲಗುವುದಾಗಿಯೂ, ತಾತನ ಗೊರಕೆಗೆ ಏನಾದರೂ ವ್ಯವಸ್ಥೆ ಆಗಬೇಕಾಗಿಯೂ ತನ್ನ ಆಕ್ಷೇಪಣೆಯನ್ನು ದಾಖಲಿಸಿದಳು.

ಮೂರು ದಿನದ ಮೇಲೆ ಪಟ್ಟಿ ಮರಳಿ ಬಂತು. ಹೆಸರುಗಳು ಆರೂ ಇದ್ದವು. ಕೋಣೆ ಒಂದು. ತಿಂಗಳುಗಳ ಸಂಖ್ಯೆ ಮೂವತ್ತಾರನ್ನು ಅಳಿಸಿ ಇಪ್ಪತ್ತನಾಲ್ಕು ಮಾಡಿದ್ದಳು. ಕೆಳಗೆ ಹೊಸದೊಂದು ಬಾಬು ಸೇರಿತ್ತು: ಗಾಲಿಕುರ್ಚಿಯ ಬಾಡಿಗೆ, ಮೂರು ದಿನಕ್ಕೆ. ಅದರ ಎದುರಿನ ಷರಾ ಅಂಕಣ ಮಾತ್ರ ಖಾಲಿ.

"ನಿನ್ನ ಮಂಡಿಗೇ ಇರಬೇಕು," ಎಂದೆ.

"ನನ್ನ ಹೆಸರು ಎಲ್ಲಿ ಬರೆದಿದೆ?" ಎಂದಳು ಅವಳು. "ಎಪ್ಪತ್ತಾರು ಆಗೋದು ಯಾರಿಗೆ?"

ನಮ್ಮ ಪಾಲಿನ ವಿಮಾನದ ಖರ್ಚಿಗೆಂದು ಸೋಮವಾರ ಬ್ಯಾಂಕಿಗೆ ಹೋಗಿ ಎರಡು ವರ್ಷದ ಆವರ್ತಕ ಠೇವಣಿಯೊಂದನ್ನು ತೆರೆದು ಮೊದಲ ಕಂತು ಕಟ್ಟಿ ಬಂದೆ. ಖಾತೆ ಜಂಟಿ ಹೆಸರಿನಲ್ಲಿದೆ. ಆ ಷರಾವನ್ನು ಇನ್ನೂ ತುಂಬಿಲ್ಲ.