ಪಲ್ಟಣದಿಂದ ಬಂದವರ ಮಾತು ಬರೆದುಕೊಳ್ರಿ
(ಚಿಕ್ಕೋಡಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಕೋರೇಗಾಂವ್ ಕಂಬದ ಸುದ್ದಿ ನಿಮಗೆಲ್ಲ ಗೊತ್ತು. 1818ರ ಕಾಳಗದಲ್ಲಿ ಸತ್ತವರ ಪೈಕಿ 'ನಾಕ' ಎಂದು ಮುಗಿಯುವ 22 ಹೆಸರು ಅದರ ಮೇಲಿವೆ. ಅವರು ನಮ್ಮವರು. ಆದರೆ ರಜೆಗೆ ಊರಿಗೆ ಬಂದಾಗ ಅವರಿಗೆ ಯಾವ ಬಾವಿಯ ನೀರು ಸಿಕ್ಕಿತು? ಒಂದಕ್ಷರ ಇಲ್ಲ. ಕಲ್ಲಿನಲ್ಲಿ ಹೆಸರು ಉಳಿಯಿತು, ಮಾತು ಉಳಿಯಲಿಲ್ಲ.

1890ರ ದಶಕದಲ್ಲಿ ಬ್ರಿಟಿಷರು ಮಹಾರರಿಗೆ ಪಲ್ಟಣದ ಬಾಗಿಲು ಮುಚ್ಚಿದರು. ಮೊದಲ ಮಹಾಯುದ್ಧಕ್ಕೆ ಕರೆದರು, ಮುಗಿದ ಮೇಲೆ ಮತ್ತೆ ಹೊರಗೆ ಹಾಕಿದರು. ಬಾಬಾಸಾಹೇಬರು ಬಿಡದೆ ಕೇಳಿದ್ದರಿಂದ 1941ರ ಅಕ್ಟೋಬರ್ 1ರಂದು ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಪಲ್ಟಣ ಎದ್ದಿತು. ಈಗ ಅದರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಅದರ 8ನೇ ಪಲ್ಟಣದ ಮೇಜರ್ ರಾಮಸ್ವಾಮಿ ಪರಮೇಶ್ವರನ್ 1987ರ ನವೆಂಬರ್ 25ರಂದು ಶ್ರೀಲಂಕಾದಲ್ಲಿ ಮಡಿದರು. ಆ ಯುದ್ಧದ ಒಂದೇ ಪರಮವೀರ ಚಕ್ರ ಅವರದು. ಅವರ ಹೆಸರು ಪುಸ್ತಕದಲ್ಲಿದೆ. ಜೊತೆಗಿದ್ದ ಸಿಪಾಯಿಗಳ ಮಾತು ಎಲ್ಲಿದೆ?

1987ರಿಂದ 1990ರ ಮಾರ್ಚ್‌ವರೆಗೆ ಅಲ್ಲಿ ಭಾರತದ ಸುಮಾರು 1,200 ಯೋಧರು ಸತ್ತರು. ಕಾರ್ಗಿಲ್ಲಿಗೆ ಮೆರವಣಿಗೆ ಐತಿ, 1971ಕ್ಕೆ ಭಾಷಣ ಐತಿ. ಇದನ್ನು ಕೇಳೋರೇ ಇಲ್ಲ. ಅಂದು 20 ವರ್ಷದವನಾಗಿದ್ದ ಹುಡುಗ ಇಂದು ಅರವತ್ತರ ಆಸುಪಾಸಿನಲ್ಲಿದ್ದಾನೆ. ಕಾಯೋದಕ್ಕ ಹೊತ್ತಿಲ್ಲ.

ಸೂಟಿಗೆ ಊರಿಗೆ ಹೋದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕೇರಿಗಳಲ್ಲಿ ವಿಚಾರಿಸ್ರಿ. ಶ್ರೀಲಂಕಾಕ್ಕೆ ಹೋಗಿಬಂದ ಕಾಕಾ ಸಿಕ್ಕರೆ ಮುಂದೆ ಕೂಡ್ರಿ. ಕನ್ನಡ, ಮರಾಠಿ ಕೂಡಿಸಿ ಮಾತಾಡಿದರೆ ಹಂಗೇ ಬರೀರಿ, ತಿದ್ದಬ್ಯಾಡ್ರಿ. ಗುಂಡಿನ ಸುದ್ದಿಯ ಜೊತೆ ಇದನ್ನೂ ಕೇಳ್ರಿ: ಯಾಕೆ ಭರ್ತಿಯಾದಿರಿ? ಪಲ್ಟಣದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡವರಿಗೆ ಊರ ಹೊಟೇಲಿನಲ್ಲಿ ಯಾವ ಕಪ್ಪು ಕೊಟ್ಟರು? ಕಾಕೂನನ್ನೂ ಕೇಳ್ರಿ. ಪತ್ರ ಬಾರದ ತಿಂಗಳುಗಳಲ್ಲಿ ಮನೆ ನಡೆಸಿದವಳು ಆಕೆ.

ಆ ಯುದ್ಧದಲ್ಲಿ ತಮಿಳು ಬಡವರೂ ಸತ್ತರು. ಕಾಕಾ ಆ ಮಾತು ತೆಗೆದರೆ ತಡೀಬ್ಯಾಡ್ರಿ. ನಮಗೆ ಬೇಕಾದ್ದು ಹಾರ ಹಾಕುವ ಕಥೆಯಲ್ಲ, ನಿಜ. ಬರೆದದ್ದನ್ನು ಅವರಿಗೆ ಓದಿ ಹೇಳ್ರಿ. ಬೇಡ ಅಂದದ್ದನ್ನು ತೆಗೀರಿ. ಒಂದು ಪ್ರತಿ ಅವರ ಮನೆಯಲ್ಲಿರಲಿ, ಒಂದು ಹಾಸ್ಟೆಲಿನಲ್ಲಿರಲಿ.

ನಮ್ಮ ಅಜ್ಜಂದಿರಿಗೆ ಬಂದೂಕು ಕೊಟ್ಟರು, ಅಕ್ಷರ ಕೊಡಲಿಲ್ಲ. ನಿಮ್ಮ ಕೈಯಾಗ ಪೆನ್ನು ಐತಿ. ಬರೀರಿ.

ಜೈ ಭೀಮ್.